ಏಳು ಕರಡುಗಳ ಸಾಕ್ಷಿ

ಏಳು ವಾರ ನಾನು ಸುಳ್ಳು ಸಾಕ್ಷಿ ಹೇಳಿದೆ. ವಾರಕ್ಕೊಂದರಂತೆ ಏಳು ಸಲ, ಕೆಳಗೆ ಹೆಸರು ಹಾಕಿ, ತುಸು ಹೆಮ್ಮೆಯನ್ನೂ ಬೆರೆಸಿ. ಸುಳ್ಳೆಂದು ನನಗೆ ಗೊತ್ತಿರಲಿಲ್ಲ ಎನ್ನುವುದು ನಿಜ. ಆ ನಿಜದಿಂದ ಯಾರಿಗೂ ಕಿಂಚಿತ್ತೂ ಉಪಯೋಗವಿರಲಿಲ್ಲ.

ನಾನು ಕೆಲಸ ಮಾಡುವುದು ಬ್ರೈಲ್ ಪುಸ್ತಕಗಳ ಮುದ್ರಣಾಲಯದಲ್ಲಿ. ಕಟ್ಟಡದ ಹಿಂಬದಿಯಲ್ಲಿ ನಮಗೆ ಎರಡು ಕೋಣೆ. ಒಂದರಲ್ಲಿ ತಗಡಿನ ಯಂತ್ರ, ಇನ್ನೊಂದರಲ್ಲಿ ಅತ್ತೆಯ ಮೇಜು. ನಡುವಿನ ಬಾಗಿಲನ್ನು ಯಾವ ಕಾಲದಲ್ಲೋ ಕಿತ್ತುಹಾಕಿದ್ದಾರೆ, ಕೀಲುಗಳು ಮಾತ್ರ ಚೌಕಟ್ಟಿಗೆ ಅಂಟಿಕೊಂಡಿವೆ. ಯಂತ್ರ ಸತುವಿನ ತಗಡಿನ ಮೇಲೆ ಚುಕ್ಕಿಗಳನ್ನು ಚುಚ್ಚುತ್ತದೆ. ಆ ತಗಡನ್ನು ಕಾಗದಕ್ಕೆ ಒತ್ತಿದರೆ ಪುಟ. ನೇರವಾಗಿ ಕಾಗದದ ಮೇಲೇ ಚುಚ್ಚುವ ಹೊಸ ಯಂತ್ರಗಳಿವೆ, ಆದರೆ ಒಂದೊಂದು ಪ್ರತಿಗೂ ಹೊಸದಾಗಿ ಚುಚ್ಚುತ್ತ ಕೂರಬೇಕು, ಚುಕ್ಕಿಯೂ ಬೇಗ ಸವೆಯುತ್ತದೆ. ಒಂದು ಸತುವಿನ ತಗಡಿನಿಂದ ಸಾವಿರಗಟ್ಟಲೆ ಪುಟ ತೆಗೆಯಬಹುದು. ಶಾಲೆಯ ಪುಸ್ತಕಗಳಿಗೆ ಇದೇ ಬೇಕು.

ತಗಡಿನ ಯಂತ್ರವನ್ನು ನಡೆಸುವ ಕಂಪ್ಯೂಟರಿಗೆ ಮೂವತ್ತೊಂದು ವರ್ಷ. ನಾವು ಅದನ್ನು ದೊಡ್ಡಮ್ಮ ಅನ್ನುತ್ತೇವೆ. ಸ್ವಿಚ್ ಹಾಕಿದರೆ ಮೊದಲು ಗೊಣಗುತ್ತಾಳೆ, ಆಮೇಲೆ ಬಿಸಿಯಾಗುತ್ತಾಳೆ, ಕೊನೆಗೆ ಮನೆಯಲ್ಲಿರುವ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುತ್ತಾಳೆ. ಅವಳನ್ನು ಬದಲಾಯಿಸುವಂತಿಲ್ಲ. ತಗಡಿನ ಯಂತ್ರಕ್ಕೆ ಅಪ್ಪಣೆ ಕೊಡುವ ಅಗಲವಾದ ಕಾರ್ಡು ಅವಳ ಹೊಟ್ಟೆಯಲ್ಲಿ ಮಾತ್ರ ಕೂರುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಅವಳ ಪ್ರೊಸೆಸರಿನ ಜಾತಿಯನ್ನು ತಯಾರಿಸುವುದನ್ನೇ ನಿಲ್ಲಿಸಿ ಎರಡು ದಶಕ ಕಳೆದಿದೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಕರಡು ತಿದ್ದುತ್ತಾಳೆ. ತಗಡಿನಿಂದ ತೆಗೆದ ಮೊದಲ ಪುಟದ ಮೇಲೆ ಬೆರಳಾಡಿಸುತ್ತ ಹೋಗಿ ತಪ್ಪಿರುವಲ್ಲಿ ನಿಲ್ಲುತ್ತಾಳೆ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ, ತಪ್ಪು ಮಾತ್ರ ಕಾಣದೆ ಇರುವುದಿಲ್ಲ. ಮನೆಯಲ್ಲಿ ನನಗೆ ಚುಕ್ಕಿ ಅಂತ ಹೆಸರಿಟ್ಟವಳೂ ಅವಳೇ. ತೊಟ್ಟಿಲಲ್ಲಿದ್ದ ನನ್ನ ಮೂಗನ್ನು ಮುಟ್ಟಿ ನೋಡಿ, "ಇದೇನಿದು, ಬರೀ ಒಂದು ಚುಕ್ಕಿ ಇಟ್ಟು ಕಳಿಸಿದ್ದಾರೆ" ಅಂದಳಂತೆ. ನನಗೆ ಇಲ್ಲಿ ಕೆಲಸ ಕೊಡಿಸಿದ್ದೂ ಅವಳೇ, ದಿನಕ್ಕೆರಡು ಸಲ ಅದನ್ನು ನೆನಪಿಸುವವಳೂ ಅವಳೇ.

ವರ್ಷದ ಮೊದಲಲ್ಲಿ ದೊಡ್ಡಮ್ಮನ ಡಿಸ್ಕ್ ಸತ್ತಿತು. ಅಂಥ ಡಿಸ್ಕ್ ಎಲ್ಲೂ ಸಿಗದೆ ಅಡಾಪ್ಟರ್ ಹಾಕಿ ಅದರಲ್ಲೊಂದು ಮೆಮೊರಿ ಕಾರ್ಡ್ ಕೂರಿಸಿದೆ. ಕೆಲಸವೇನೋ ನಡೆಯಿತು. ಆದರೆ ದಿನಕ್ಕೊಂದು ಸಲ, ಕೆಲವೊಮ್ಮೆ ಎರಡು ಸಲ, ತಗಡಿನ ನಡುವೆ ಯಂತ್ರ ಕಲ್ಲಾಗಿಬಿಡುತ್ತಿತ್ತು. ಅರ್ಧ ಚುಚ್ಚಿದ ತಗಡನ್ನು ಮತ್ತೆ ಅದೇ ಜಾಗದಿಂದ ಮುಂದುವರಿಸಲಾಗುವುದಿಲ್ಲ, ಬಿಸಾಡಬೇಕು. ಆಗ ನಮ್ಮ ಕೈಯಲ್ಲಿದ್ದದ್ದು ಇನ್ನೂರ ಹದಿನಾಲ್ಕು ತಗಡುಗಳ ಗಣಿತದ ಪುಸ್ತಕ. ಮೂಲೆಯಲ್ಲಿ ಅರೆಬರೆ ತಗಡುಗಳ ರಾಶಿ ಬೆಳೆಯತೊಡಗಿತು. ವ್ಯವಸ್ಥಾಪಕರು ದಿನಾ ಬಂದು ಆ ರಾಶಿಯನ್ನು ನೋಡಿ ಏನೂ ಹೇಳದೆ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ತಪ್ಪು ಕರ್ನಲ್ಲಿನಲ್ಲಿತ್ತು. ಕಂಪ್ಯೂಟರ್ ಎದ್ದ ತಕ್ಷಣ ಎಲ್ಲಕ್ಕಿಂತ ಮೊದಲು ಎಚ್ಚರಾಗಿ, ಮಿಕ್ಕ ಕಾರ್ಯಕ್ರಮಗಳಿಗೆಲ್ಲ ಜಾಗ, ಸರದಿ ಹಂಚಿಕೊಡುವ ಮೂಲ ತಂತ್ರಾಂಶ ಅದು. ದೊಡ್ಡಮ್ಮನಲ್ಲಿದ್ದದ್ದು ಯಾರು ಬೇಕಾದರೂ ಓದಿ ತಿದ್ದಬಹುದಾದ ಕರ್ನಲ್. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತವರು ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಾರೆ. ಒಂದೊಂದು ಜಾತಿಯ ಪ್ರೊಸೆಸರಿಗೂ ಒಬ್ಬೊಬ್ಬ ಪಾಲಕ. ನಮ್ಮ ಜಾತಿಯ ಪಾಲಕರ ಹೆಸರು ನನಗೆ ಇವತ್ತಿಗೂ ಸರಿಯಾಗಿ ಉಚ್ಚರಿಸಲು ಬರುವುದಿಲ್ಲ. ಅವರು ತಮ್ಮ ಪತ್ರಗಳ ಕೊನೆಗೆ ವೃತ್ತಿಯಿಂದ ತಾವು ಬಡಗಿ ಎಂದು ಹಾಕಿಕೊಳ್ಳುತ್ತಾರೆ, ಹಾಗಾಗಿ ನಮಗೆ ಅವರು ಬಡಗಿ. ನಿಜಕ್ಕೂ ಬಡಗಿಯೇ. ಹಗಲು ಬಾಗಿಲು ಕಿಟಕಿ ಮಾಡುತ್ತಾರೆ, ಬಿಡುವಾದಾಗ ಈ ಕರ್ನಲ್. ಹೀಗೆ ಹತ್ತೊಂಬತ್ತು ವರ್ಷ.

ನಾನು ಗೋಳು ತೋಡಿಕೊಂಡು ಬರೆದ ಪತ್ರಕ್ಕೆ ಮಾರನೆಯ ದಿನವೇ ಉತ್ತರ ಬಂತು. ತಪ್ಪು ತಮಗೆ ಗೊತ್ತಿದೆ, ಅದರ ಪರಿಹಾರ ಮುಂದಿನ ಆವೃತ್ತಿಯಲ್ಲಿ ಬರಲಿದೆ ಎಂದು ತಿಳಿಸಿ ಕೊನೆಗೆ ಹೀಗೆ ಬರೆದಿದ್ದರು: "ಒಂದು ತೊಂದರೆಯಿದೆ. ನನ್ನ ಬಳಿ ಇದ್ದ ಎರಡು ಹಳೆಯ ಯಂತ್ರಗಳೂ ಹೋದವು. ಈಗ ಎಮ್ಯುಲೇಟರಿನಲ್ಲಿ ಮಾತ್ರ ನೋಡುತ್ತಿದ್ದೇನೆ. ನಿಜವಾದ ಯಂತ್ರದಲ್ಲಿ ಯಾರೂ ಪರೀಕ್ಷಿಸದ ಪ್ರೊಸೆಸರುಗಳನ್ನು ಈ ಸಲ ಕರ್ನಲ್ಲಿನಿಂದ ತೆಗೆದುಹಾಕುತ್ತೇವೆ ಎಂದು ಮೇಲಿನವರು ಹೇಳಿದ್ದಾರೆ. ಅವರು ಹೇಳುವುದು ಅನ್ಯಾಯವಲ್ಲ. ನಿಮ್ಮಲ್ಲಿ ಯಂತ್ರ ಇದೆ. ವಾರಕ್ಕೊಂದು ಕರಡು ಬರುತ್ತದೆ. ಎಬ್ಬಿಸಿ ನೋಡಿ, ಎದ್ದರೆ ಒಂದು ಸಾಲು ಬರೆಯಿರಿ. ಅಷ್ಟು ಸಾಕು."

ಎಮ್ಯುಲೇಟರ್ ಅಂದರೆ ಹೊಸ ಕಂಪ್ಯೂಟರ್ ಹಳೆಯದರ ವೇಷ ಹಾಕುವುದು. ವೇಷ ಎಷ್ಟೇ ಚೆನ್ನಾಗಿದ್ದರೂ ವೇಷವೇ.

ಅತ್ತೆಗೆ ಪತ್ರ ಓದಿ ಹೇಳಿದೆ.

"ಕರಡು ಅಂದ್ರಾ ಅವರು?"

"ಹೂಂ ಅತ್ತೆ. ಕೊನೇ ಆವೃತ್ತಿಗೆ ಮುಂಚೆ ಏಳು ಕರಡು ಬಿಡ್ತಾರಂತೆ."

"ಏಳಾ? ನಮ್ಮೋರು ಒಂದಕ್ಕೇ ಮೂತಿ ಊದಿಸ್ಕೋತಾರೆ. ಒಳ್ಳೇ ಜನ ಕಣೇ. ಮಾಡ್ಕೊಡು."

ಮಾಡಿಕೊಟ್ಟೆ. ಪ್ರತಿ ಸೋಮವಾರ ಹೊಸ ಕರಡಿನ ಮೂಲವನ್ನು ಇಳಿಸಿಕೊಂಡು ನನ್ನ ಕಂಪ್ಯೂಟರಿನಲ್ಲಿ ದೊಡ್ಡಮ್ಮನ ಜಾತಿಗೆ ತಕ್ಕಂತೆ ಕಟ್ಟುತ್ತಿದ್ದೆ, ಅಂದರೆ ಮನುಷ್ಯರು ಬರೆದ ಸಾಲುಗಳನ್ನು ಅವಳು ಓದುವ ರೂಪಕ್ಕೆ ತರುತ್ತಿದ್ದೆ. ಅವಳ ಮೇಲೇ ಕಟ್ಟಲು ಹೋದರೆ ನಾಲ್ಕು ದಿನ, ನನ್ನದರಲ್ಲಿ ನಲವತ್ತು ನಿಮಿಷ. ಬಡಗಿ ಬರೆದುಕೊಟ್ಟಿದ್ದ ನಾಲ್ಕು ಹೆಜ್ಜೆಗಳನ್ನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಕಟ್ಟು, ಮೆಮೊರಿ ಕಾರ್ಡಿಗೆ ಹಾಕು, ಹೆಸರು ಸರಿಮಾಡು, ಲೋಡರಿನ ಪಟ್ಟಿ ಬರೆಸು. ನಾಲ್ಕನೆಯದನ್ನು ಕಾರ್ಡ್ ತಯಾರಿಸಿದ ಮೊದಲ ದಿನವೇ ಮಾಡಿ ಮುಗಿಸಿದ್ದೆ. ಅದು ಒಂದೇ ಸಲದ್ದು ಎಂದುಕೊಂಡೆ. ಮನೆಗೆ ಒಂದು ಸಲ ಬಣ್ಣ ಹೊಡೆದ ಮೇಲೆ ದಿನಾ ಯಾರು ಹೊಡೆಯುತ್ತಾರೆ ಎನ್ನುವಂಥ ನೆಮ್ಮದಿ ಅದು.

ಸ್ವಿಚ್ ಹಾಕುತ್ತಿದ್ದೆ. ಹಸಿರು ಪರದೆಯ ಮೇಲೆ ಸಾಲುಗಳು ದಡದಡನೆ ಓಡಿ ಕೊನೆಗೆ ಅಪ್ಪಣೆಗೆ ಕಾಯುವ ಗುರುತು ಮೂಡುತ್ತಿತ್ತು. ಎದ್ದಳು. ಬಡಗಿಗೆ ಬರೆಯುತ್ತಿದ್ದೆ: ಎದ್ದಿದ್ದಾಳೆ. ಆದರೆ ನಡುವೆ ನಿಲ್ಲುವುದು ಹಾಗೇ ಇದೆ ಎಂದೂ ಬರೆಯುತ್ತಿದ್ದೆ. ಅವರಿಗೆ ಅದು ಒಗಟಾಗಿತ್ತು. ಪರಿಹಾರ ಎರಡನೆಯ ಕರಡಿನಲ್ಲೇ ಸೇರಿದೆ, ಅಡಾಪ್ಟರಿನ ಮೇಲೆ ತಮಗೆ ಅನುಮಾನ ಎಂದರು. ನಾನು ಅಡಾಪ್ಟರ್ ಬದಲಾಯಿಸಿದೆ. ಅದನ್ನೂ ಬದಲಾಯಿಸಿದೆ. ಪಾಪದ ಅಡಾಪ್ಟರುಗಳು. ಅಷ್ಟಾದರೂ ಅವರು ಪ್ರತಿ ಬಾರಿ ನನ್ನ ಹೆಸರನ್ನು 'ಪರೀಕ್ಷಿಸಿದವರು' ಎಂಬ ಸಾಲಿನಲ್ಲಿ ಸೇರಿಸಿ ಮೇಲೆ ಕಳಿಸುತ್ತಿದ್ದರು. ಆ ಸಾಲಿನ ಬಲದ ಮೇಲೆ ನಮ್ಮ ಪ್ರೊಸೆಸರನ್ನು ತೆಗೆಯುವ ಮಾತು ನಿಂತಿತು.

ಏಳನೆಯ ಕರಡಿಗೂ ಸೋಮವಾರ ಎದ್ದಿದ್ದಾಳೆ ಎಂದು ಬರೆದಾದ ಮೇಲೆ, ಅದಕ್ಕೆ ನನ್ನದೇ ಒಂದು ಸಣ್ಣ ಸೇರ್ಪಡೆ ಮಾಡಿದೆ. ಬೆಳಿಗ್ಗೆ ನನಗಿಂತ ಮೊದಲು ಬಂದು ಸ್ವಿಚ್ ಹಾಕುವವಳು ಅತ್ತೆ. ತಗಡಿನ ಯಂತ್ರ ಯಾವಾಗ ಸಿದ್ಧವಾಯಿತು ಎನ್ನುವುದು ಪರದೆಯಲ್ಲಿ ಬರುತ್ತದೆ, ಪರದೆ ಅವಳಿಗೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಸಿದ್ಧವಾದಾಗ ಎರಡು ಸಲ ಪೀಪ್ ಎನ್ನುವಂತೆ ಕರ್ನಲ್ಲಿಗೆ ನಾಲ್ಕು ಸಾಲು ಸೇರಿಸಿದೆ. ನಮ್ಮ ಮನೆಯ ಬಳಕೆಗಷ್ಟೇ. ಮಂಗಳವಾರ ಬೆಳಿಗ್ಗೆ ಅವಳನ್ನು ಯಂತ್ರದ ಪಕ್ಕ ಕುರ್ಚಿ ಹಾಕಿ ಕೂರಿಸಿ ಸ್ವಿಚ್ ಒತ್ತಿದೆ. ಆನ್ ಆದಾಗ ಎಂದಿನಂತೆ ಒಂದು ಪೀಪ್ ಬಂತು. ಗೊಣಗಾಟ. ಸಾಲುಗಳು. ಆಮೇಲೆ ಏನೂ ಇಲ್ಲ.

"ಎಲ್ಲೇ ನಿನ್ನ ಎರಡು ಪೀಪು?" ಅತ್ತೆ ಕೇಳಿದಳು.

"ಬರುತ್ತೆ ಇರು, ಇನ್ನೂ ಏಳ್ತಾ ಇದ್ದಾಳೆ."

"ಎದ್ದು ಎಷ್ಟೊತ್ತಾಯ್ತು. ಚುಚ್ಚೋ ತಲೆ ಎಡಗಡೆ ಹೋಗಿ ನಿಂತಿದ್ದು ಕೇಳಿಸ್ತಲ್ಲ."

"ಸ್ಪೀಕರ್ ಕೆಟ್ಟಿರಬೇಕು ಅತ್ತೆ."

"ಸ್ವಿಚ್ ಹಾಕಿದಾಗ ಪೀಪ್ ಅಂದಿದ್ದು ಮತ್ತೆ ನಿಮ್ಮಪ್ಪನಾ?"

ಬರೆದ ನಾಲ್ಕು ಸಾಲನ್ನು ಮತ್ತೆ ಓದಿದೆ, ಸರಿಯಿದ್ದವು. ಕಾರ್ಡಿನಲ್ಲಿ ಕಡತ ಇತ್ತು. ಮತ್ತೆ ಎಬ್ಬಿಸಿದೆ. ಒಂದೇ ಪೀಪ್.

"ಇನ್ನೊಂದು ಹೇಳ್ತೀನಿ, ಸಿಟ್ಟಾಗ್ಬೇಡ" ಅಂದಳು. "ನೀನು ಹೊಸದು ಹೊಸದು ಅಂತ ಹಾಕ್ತಾನೇ ಇದ್ದೀಯ. ನನಗಂತೂ ಇವಳು ಏಳೋ ರೀತಿಯಲ್ಲಿ ಒಂದು ಚೂರೂ ವ್ಯತ್ಯಾಸ ಕಂಡಿಲ್ಲ. ಗೊಣಗೋದು, ನಿಲ್ಲೋದು, ಆಮೇಲೆ ಆ ಕಟ್ ಅನ್ನೋದು. ಮೊದಲ ದಿನದಿಂದ ಅದೇ ಲೆಕ್ಕ."

"ಅದು ಕರ್ನಲ್ ಅತ್ತೆ. ಕಿವಿಗೆಲ್ಲ ಗೊತ್ತಾಗಲ್ಲ."

"ಹಂಗಾ. ಆಯ್ತಮ್ಮ, ನೀನು ಓದಿದೋಳು."

ಆ ಮಾತಿನ ಚುರುಕಿಗೇ ಇರಬೇಕು, ಮೂರನೆಯ ಸಲ ಎಬ್ಬಿಸಿದಾಗ ಪರದೆಯ ಓಟವನ್ನು ತಡೆಯುವ ಕೀಲಿಯನ್ನು ಒತ್ತಿ ಹಿಡಿದು ತೀರಾ ಮೇಲಿನ ಸಾಲನ್ನು ಓದಿದೆ. ಏಳು ವಾರದಲ್ಲಿ ಒಂದು ಸಲವೂ ಓದಿರದ ಸಾಲು. ಯಾವ ಕರ್ನಲ್, ಯಾವತ್ತು ಕಟ್ಟಿದ್ದು ಎಂಬುದನ್ನು ಅದು ತಾನಾಗಿ ಹೇಳಿಕೊಳ್ಳುತ್ತದೆ. ದಿನಾಂಕ ಕಾರ್ಡ್ ತಯಾರಿಸಿದ ಮೊದಲ ದಿನದ್ದಾಗಿತ್ತು.

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ, ಮೇಜಿನ ಮುಂದೆ ನನ್ನದೇ ಅಕ್ಷರದಲ್ಲಿ ಅಂಟಿಕೊಂಡಿತ್ತು. ದೊಡ್ಡಮ್ಮನನ್ನು ಎಬ್ಬಿಸುವ ಲೋಡರ್ ಎಂಬ ಪುಟ್ಟ ಕಾರ್ಯಕ್ರಮಕ್ಕೆ ಕಡತದ ಹೆಸರು ಓದಲು ಬರುವುದಿಲ್ಲ. ಕರ್ನಲ್ ಕಾರ್ಡಿನ ಯಾವ ಯಾವ ಮನೆಗಳಲ್ಲಿ ಕೂತಿದೆ ಎಂಬ ಪಟ್ಟಿಯೊಂದನ್ನು ಇಟ್ಟುಕೊಂಡು ನೇರ ಆ ಮನೆಗಳಿಗೇ ಹೋಗುತ್ತದೆ. ಹೊಸ ಕರ್ನಲ್ ತಂದು ಹಳೆಯದರ ಹೆಸರು ಇಟ್ಟರೆ ಅದಕ್ಕೇನು ಗೊತ್ತು? ಪಟ್ಟಿ ಹೊಸದಾಗಿ ಬರೆಸುವತನಕ ಹಳೆಯ ಮನೆಗೇ ಹೋಗಿ ಹಳೆಯದನ್ನೇ ಎಬ್ಬಿಸುತ್ತದೆ. ಹಳೆಯದನ್ನು ನಾನು ಅಳಿಸಿದ್ದರೆ ಮೊದಲ ವಾರವೇ ಸಿಕ್ಕಿಬೀಳುತ್ತಿದ್ದೆ. ಅಳಿಸುವ ಗುಣ ನನ್ನದಲ್ಲ. ಇರಲಿ ಎಂದು ಬೇರೆ ಹೆಸರಿಟ್ಟು ಎಲ್ಲವನ್ನೂ ಜೋಪಾನ ಮಾಡಿದ್ದೆ.

ನಾಲ್ಕನೆಯ ಹೆಜ್ಜೆ ಹಾಕಿದೆ. ಈ ಸಲ ನಿಜವಾದ ಏಳನೆಯ ಕರಡನ್ನು ಎಬ್ಬಿಸಿದೆ. ಪರದೆಯ ಮೇಲೆ ಎರಡು ಸಾಲು ಬಂದವು, ಯಂತ್ರದ ಮೆಮೊರಿಯ ಅಳತೆ ಹೇಳುವ ಮೂರನೆಯ ಸಾಲು ಅರ್ಧಕ್ಕೆ ಬಂತು, ಅಷ್ಟೆ. ಫ್ಯಾನ್ ತಿರುಗುತ್ತಿತ್ತು.

"ಇದು ಬೇರೆ" ಅತ್ತೆ ಅಂದಳು. "ಇದು ಸತ್ತಿದೆ."

ಅವಳಿಗೆ ಎಲ್ಲ ಹೇಳಿದೆ. ಏಳು ಕರಡಿನಲ್ಲಿ ಒಂದನ್ನೂ ನಾನು ನೋಡಿಯೇ ಇಲ್ಲ. ಏಳಕ್ಕೂ ಎದ್ದಿದ್ದಾಳೆ ಎಂದು ಬರೆದಿದ್ದೇನೆ. ಭಾನುವಾರ ಕೊನೆಯ ಆವೃತ್ತಿ ಹೊರಬೀಳುತ್ತದೆ, ಅದು ನಮ್ಮ ಯಂತ್ರದಲ್ಲಿ ಏಳುವುದೇ ಇಲ್ಲ. ಹೇಳಿದರೆ, ಪರೀಕ್ಷಕಿಯೇ ನಂಬಿಕೆಗೆ ಯೋಗ್ಯಳಲ್ಲ ಎಂದು ನಮ್ಮ ಜಾತಿಯನ್ನೇ ಕಿತ್ತುಹಾಕಬಹುದು. ಹೇಳದಿದ್ದರೆ ಪ್ರೊಸೆಸರುಗಳ ಪಟ್ಟಿಯಲ್ಲಿ ಉಳಿಯುತ್ತೇವೆ.

ಅವಳು ದೊಡ್ಡಮ್ಮನ ಪಕ್ಕೆಯ ಮೇಲೆ ಕೈಯಿಟ್ಟಳು.

"ಪಟ್ಟೀಲಿ ಉಳಿದ್ರೆ ತಗಡು ಚುಚ್ಚುತ್ತಾ?"

"ಇಲ್ಲ."

"ಮತ್ತೆ?"

"ಮುಂದಿನ ಆವೃತ್ತಿ ಹೊತ್ತಿಗೆ ನಾನೇ ಮೆಲ್ಲಗೆ ಸರಿಮಾಡ್ಕೊಂಡ್ರೆ…"

"ಚುಕ್ಕಿ, ತಗಡಲ್ಲಿ ತಪ್ಪು ಚುಕ್ಕಿ ಬಿದ್ರೆ ಏನ್ಮಾಡ್ತೀವಿ?"

"ಬಡಿದು ಮಟ್ಟ ಮಾಡ್ತೀವಿ."

"ಮಟ್ಟ ಮಾಡಿದ್ದು ಬೇರೆಯವರ ಬೆರಳಿಗೆ ಸಿಗಲ್ಲ. ನನ್ನ ಬೆರಳಿಗೆ ಸಿಗುತ್ತೆ. ಇಪ್ಪತ್ತೆಂಟು ವರ್ಷದಲ್ಲಿ ಎಲ್ಲೆಲ್ಲಿ ಬಡಿದಿದ್ದೀನಿ ಅಂತ ಕೇಳು, ಈಗಲೂ ಹೇಳ್ತೀನಿ. ನಿನಗೆ ಆ ಕಾಟ ಯಾಕೆ? ಬರೆದು ಬಿಸಾಕು. ಬೈದ್ರೆ ಬೈಸ್ಕೊಂಡ್ರಾಯ್ತು. ಬೈಸ್ಕೊಳ್ಳೋದ್ರಲ್ಲಿ ನಿನಗೇನು ಅಭ್ಯಾಸ ಇಲ್ವಾ?"

ಬರೆದೆ. ಆರು ಸಾಲು. ಏನಾಯಿತು, ಹೇಗಾಯಿತು, ನಿಜವಾದ ಕರಡು ಎಲ್ಲಿ ಸಾಯುತ್ತಿದೆ, ನನ್ನ ಹೆಸರಿರುವ ಏಳು ಸಾಲುಗಳನ್ನು ದಯವಿಟ್ಟು ತೆಗೆದುಬಿಡಿ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ. ಬಡಗಿಗೆ ಮಾತ್ರವಲ್ಲ, ಕರ್ನಲ್ ನೋಡಿಕೊಳ್ಳುವವರೆಲ್ಲರೂ ಓದುವ ಅಂಚೆಪಟ್ಟಿಗೇ ಕಳಿಸಿದೆ. ಕಳಿಸಿದ ಮೇಲೆ ಎದ್ದು ಹೋಗಿ ಅರೆಬರೆ ತಗಡುಗಳ ರಾಶಿಯನ್ನು ಸುಮ್ಮಸುಮ್ಮನೆ ಅಂಚು ಕೂಡಿಸಿ ಜೋಡಿಸಿದೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಉತ್ತರ ಬಂತು. "ಅಡಾಪ್ಟರಿಗೆ ನಾನು ಕ್ಷಮೆ ಕೇಳಬೇಕು" ಎಂದು ಶುರುವಾಗುತ್ತಿತ್ತು. "ಆ ಏಳು ಸಾಲುಗಳನ್ನು ತೆಗೆಯಲಾಗುವುದಿಲ್ಲ. ಒಮ್ಮೆ ಕರ್ನಲ್ಲಿನ ಚರಿತ್ರೆಗೆ ಸೇರಿದ್ದನ್ನು ಇಲ್ಲಿ ಯಾರೂ ಅಳಿಸುವುದಿಲ್ಲ, ಅದರ ಮುಂದೆ ಇನ್ನೊಂದು ಸಾಲು ಬರೆಯಬಹುದು ಅಷ್ಟೆ. ಇದೇ ನಾಲ್ಕನೆಯ ಹೆಜ್ಜೆಯನ್ನು ನಾನು ಹದಿನಾರು ವರ್ಷದ ಹಿಂದೆ ಮೂರು ದಿನ ಮರೆತಿದ್ದೆ. ಹೆಜ್ಜೆಗಳನ್ನು ಬರೆದುಕೊಡುವಾಗ ಅದನ್ನು ಹೇಳಬೇಕಿತ್ತು, ನಾಚಿಕೆಯಾಗಿ ಹೇಳಲಿಲ್ಲ. ಈಗ ಕೆಲಸ ನೋಡೋಣ. ನಮ್ಮ ಪ್ರೊಸೆಸರಿಗೆ ಸಂಬಂಧಿಸಿದ ಬದಲಾವಣೆಗಳು ಅರವತ್ತೊಂದು. ನಡುವಿನದನ್ನು ಎಬ್ಬಿಸಿ. ಎದ್ದರೆ ತಪ್ಪು ಅದರಾಚೆ, ಏಳದಿದ್ದರೆ ಈಚೆ. ಮತ್ತೆ ಅದರ ನಡುವೆ. ಆರು ಸಲ ಸಾಕು."

ಎರಡು ಸಲ ಓದಿದೆ. ಬೈಗುಳ ಎಲ್ಲೋ ಅಡಗಿರಬೇಕು ಎಂದು ಮೂರನೆಯ ಸಲವೂ ಓದಿದೆ. ಇರಲಿಲ್ಲ.

ಬುಧವಾರ ಒಂಬತ್ತಕ್ಕೆ ಶುರುಮಾಡಿದೆವು. ನಲವತ್ತು ನಿಮಿಷ ಕಟ್ಟುವುದು, ಕಾರ್ಡ್ ಕಿತ್ತು ಹಾಕುವುದು, ನಾಲ್ಕು ಹೆಜ್ಜೆ, ಮೊದಲ ಸಾಲು ಗಟ್ಟಿಯಾಗಿ ಓದುವುದು, ಫಲಿತಾಂಶ. ಅತ್ತೆ ತನ್ನ ಬ್ರೈಲ್ ಪಾಟಿಯಲ್ಲಿ ದಪ್ಪ ಕಾಗದ ಸಿಕ್ಕಿಸಿಕೊಂಡು ಪ್ರತಿಯೊಂದನ್ನೂ ಚುಚ್ಚಿಟ್ಟುಕೊಂಡಳು. ನಾನು ದಿನಾಂಕ ಓದುವ ಮುಂಚೆ ಫಲಿತಾಂಶ ಹೇಳಿದರೆ ಚುಚ್ಚುತ್ತಿರಲಿಲ್ಲ.

"ಮೊದಲ ಸಾಲು?"

"ಓದಿದೆ ಅತ್ತೆ."

"ನನಗೆ ಕೇಳಿಸ್ಲಿಲ್ಲ."

"ಇಷ್ಟೊತ್ತು ಫ್ಯಾನ್ ಸದ್ದೆಲ್ಲ ಕೇಳಿಸ್ತಿತ್ತು."

"ಫ್ಯಾನು ಸುಳ್ಳು ಹೇಳಲ್ಲ. ಓದು."

ಕಟ್ಟುವ ಕೆಲಸ ತಾನಾಗಿ ನಡೆಯುವ ನಲವತ್ತು ನಿಮಿಷಗಳಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ನಮ್ಮ ಪ್ರೊಸೆಸರಿನ ಚರಿತ್ರೆಯನ್ನು ಹಿಂದುಹಿಂದಕ್ಕೆ ಓದುತ್ತ ಹೋದೆ. ಪ್ರತಿ ಬದಲಾವಣೆಯ ಕೆಳಗೂ ಪರೀಕ್ಷಿಸಿದವರ ಸಾಲು. ಅವರಲ್ಲಿ ಒಬ್ಬರೂ ನನಗೆ ಗೊತ್ತಿಲ್ಲ. ಹದಿನೇಳು ವರ್ಷದ ಹಿಂದೆ ಯಾರೋ ಬರೆದಿದ್ದರು: ಬೆರಳಿಗೆ ಏಟಾಗಿದೆ, ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಎದ್ದಿದೆ. ಇನ್ನೊಬ್ಬರು: ಮನೆ ಖಾಲಿ ಮಾಡುತ್ತಿದ್ದೇವೆ, ಎಲ್ಲ ಕಟ್ಟಿಟ್ಟಾಗಿದೆ, ಯಂತ್ರವನ್ನು ಕೊನೆಗೆ ಕಟ್ಟೋಣವೆಂದು ಬಿಟ್ಟಿದ್ದೆ, ಎದ್ದಿದೆ. ಮತ್ತೊಬ್ಬರು ಎಂಟು ವರ್ಷ ಎಡೆಬಿಡದೆ ಬರೀ 'ಎದ್ದಿದೆ' ಎಂದು ಬರೆದು, ಆಮೇಲೆ ಯಾವತ್ತೋ ಕಾಣೆಯಾಗಿಬಿಟ್ಟಿದ್ದರು. ಇವರು ಯಾರೂ ಬ್ರೈಲ್ ತಗಡನ್ನು ಕಂಡವರಲ್ಲ. ಒಬ್ಬೊಬ್ಬರೂ ತಮ್ಮ ಕೋಣೆಯಲ್ಲಿ, ತಮ್ಮದೇ ಯಾವುದೋ ಕಾರಣಕ್ಕೆ ಸ್ವಿಚ್ ಒತ್ತಿ, ನೋಡಿ, ಒಂದು ಸಾಲು ಬರೆದು ಎದ್ದು ಹೋಗಿದ್ದರು. ಅದರಿಂದಾಗಿ ಅತ್ತೆಯ ಮೇಜಿನ ಮೇಲೆ ಇಷ್ಟು ವರ್ಷ ಕಾಗದ ಬಂದು ಬೀಳುತ್ತಿತ್ತು. ನನ್ನ ಏಳು ಸಾಲು ಇವರ ನಡುವೆ ಹೋಗಿ ಕೂತಿವೆ ಎಂದು ನೆನೆದಾಗ ಕಿವಿ ಬೆಚ್ಚಗಾಯಿತು. ಅದರ ಹಿಂದೆಯೇ ಇನ್ನೊಂದೂ ಅನಿಸಿತು, ಅದಕ್ಕೆ ಹೆಸರು ಹುಡುಕಲು ಹೋಗಲಿಲ್ಲ. ಕಾರ್ಡ್ ಹಾಕುವ ಹೊತ್ತಾಗಿತ್ತು.

ಐದನೆಯ ಸಲಕ್ಕೆ ಎದ್ದಳು, ಆರನೆಯ ಸಲಕ್ಕೆ ಏಳಲಿಲ್ಲ. ನಾಲ್ಕೂವರೆಗೆ ತಪ್ಪು ಒಂದೇ ಬದಲಾವಣೆಗೆ ಬಂದು ನಿಂತಿತು. ಬರೆದವರು ಬಡಗಿಯೇ. ಮೂರನೆಯ ಕರಡಿಗೆ ಮುಂಚೆ, ಕಸ ಗುಡಿಸುವ ಭರದಲ್ಲಿ, ಬೇಡವೆನಿಸಿದ ಒಂದು ಸಾಲನ್ನು ತೆಗೆದಿದ್ದರು. ನಿಜವಾದ ಪ್ರೊಸೆಸರ್ ಈಗಷ್ಟೇ ಓದಿದ್ದರ ನಕಲನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಮೂಲ ಬದಲಾದಾಗ 'ನಕಲು ಹಳೆಯದಾಯಿತು, ಬಿಸಾಡು' ಎಂದು ಹೇಳಬೇಕು. ಹೇಳುವ ಸಾಲೇ ಅದು. ಎಮ್ಯುಲೇಟರ್ ನಕಲು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಏನೂ ಆಗಿರಲಿಲ್ಲ.

ಅವರಿಗೆ ತಿಳಿಸಿದೆ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು: "ನನ್ನದೇ. ನೀವೂ ಏಳು ವಾರ ಹಳೆಯದನ್ನೇ ಓಡಿಸಿದಿರಿ, ಯಂತ್ರವೂ ಹಳೆಯದನ್ನೇ ಓದುತ್ತಿತ್ತು, ಅದನ್ನು ಹೇಳಬೇಕಾದ ಸಾಲನ್ನು ತೆಗೆದವನು ನಾನು. ಮೂವರೂ ಸೇರಿ ಚೆನ್ನಾಗಿ ಕೆಲಸ ಮಾಡಿದ್ದೇವೆ."

ಅತ್ತೆಗೆ ಓದಿ ಹೇಳಿದೆ. ಅವಳು ನಕ್ಕಿದ್ದಕ್ಕೆ ಪಕ್ಕದ ಕೋಣೆಯಿಂದ ಜನ ಇಣುಕಿ ಹೋದರು.

ಗುರುವಾರ ಮೇಲಿನವರ ಪತ್ರ ಬಂತು. ಇಡೀ ಕರ್ನಲ್ಲಿನ ಯಜಮಾನರು, ಮಿತವಾಗಿ ಬರೆಯುವವರು. "ಒಬ್ಬರೇ ಪರೀಕ್ಷಕರು. ಏಳು ಪರೀಕ್ಷೆ, ಏಳೂ ಸುಳ್ಳು. ಎಂಟನೆಯದನ್ನು ಯಾಕೆ ನಂಬಬೇಕು? ಭಾನುವಾರ ಈ ಪ್ರೊಸೆಸರನ್ನು ತೆಗೆಯದಿರಲು ಒಂದು ಕಾರಣ ಕೊಡಿ."

ಎಲ್ಲರೂ ಓದುವ ಅಂಚೆಪಟ್ಟಿಯಲ್ಲಿ ಆ ಪತ್ರ ಇಡೀ ಬೆಳಿಗ್ಗೆ ನೇತಾಡಿತು. ಕೇಳಿದ್ದರಲ್ಲಿ ತಪ್ಪೇನಿತ್ತು? ನಾನು ಉತ್ತರ ಬರೆಯುವುದು, ಅಳಿಸುವುದು. ದೊಡ್ಡಮ್ಮ ಅವತ್ತು ಮತ್ತೆ ಹಳೆಯ ಕರ್ನಲ್ಲಿನಲ್ಲಿ ಗಣಿತದ ತಗಡು ಚುಚ್ಚುತ್ತಿದ್ದಳು, ಹತ್ತೂವರೆಗೆ ನಡುವೆ ನಿಂತಳು. ಆ ತಗಡನ್ನೂ ರಾಶಿಗೆ ಸೇರಿಸಿದೆ. ವ್ಯವಸ್ಥಾಪಕರು ಬಂದು ನೋಡಿ, ಮೊದಲ ಬಾರಿಗೆ ಬಾಯಿಬಿಟ್ಟರು. "ಏನಾದ್ರೂ ಆಗುತ್ತೇನಮ್ಮ ಇದು? ಆಗಲ್ಲ ಅಂದ್ರೂ ಹೇಳ್ಬಿಡು." ಭಾನುವಾರದವರೆಗೆ ಗೊತ್ತಾಗುತ್ತೆ ಸಾರ್ ಅಂದೆ.

ಮಧ್ಯಾಹ್ನ ಬಡಗಿ ಉತ್ತರಿಸಿದರು. ನನಗಲ್ಲ, ಯಜಮಾನರಿಗೆ.

"ಕಾರಣ ಇಷ್ಟೆ. ಏಳೂ ಸುಳ್ಳೆಂದು ನಿಮಗೆ ಗೊತ್ತಾಗಿದ್ದು ಅವರೇ ಹೇಳಿದ್ದರಿಂದ. ಬಿಡುಗಡೆಗೆ ಐದು ದಿನ ಇರುವಾಗ, ಹೇಳಿದರೆ ನಷ್ಟ ತಮಗೇ ಎಂದು ಗೊತ್ತಿದ್ದೂ ಹೇಳಿದರು. ಮಾರನೆಯ ದಿನ ಆರು ಸಲ ಎಬ್ಬಿಸಿ ನನ್ನ ತಪ್ಪನ್ನು ಹುಡುಕಿಕೊಟ್ಟರು. ಈ ಹತ್ತೊಂಬತ್ತು ವರ್ಷದಲ್ಲಿ ಎದ್ದಿದೆ ಎಂದು ಬರೆದವರು ನೂರಾರು ಜನ. ಎದ್ದಿರಲಿಲ್ಲ ಎಂದು ತಾವಾಗಿ ಬರೆದವರು ನನಗೆ ಇವರೊಬ್ಬರೇ ಸಿಕ್ಕಿದ್ದು. ನನ್ನ ಬಳಿ ಯಂತ್ರ ಇಲ್ಲ. ಇವರನ್ನು ನನ್ನ ಜೊತೆ ಪಾಲಕರಾಗಿ ಸೇರಿಸಬೇಕೆಂದು ಕೇಳುತ್ತಿದ್ದೇನೆ. ಅವರನ್ನು ಇನ್ನೂ ಕೇಳಿಲ್ಲ, ಈಗ ಓದುತ್ತಿರುತ್ತಾರೆ."

ಓದುತ್ತಿದ್ದೆ. ಪರದೆ ಮಸುಕಾಯಿತು.

"ಏನಂತೆ?" ಅತ್ತೆ ಕೇಳಿದಳು. "ಉಸಿರೇ ಬಿಡ್ತಿಲ್ಲ ನೀನು."

ಓದಿ ಹೇಳಲು ಎರಡು ಸಲ ತಡವರಿಸಿದೆ. ಅವಳು ಕರಡಿನ ಮೇಲಿನ ಬೆರಳನ್ನು ಎತ್ತದೆ ಕೇಳಿದಳು, ಬೆರಳು ಒಂದೇ ಅಕ್ಷರದ ಮೇಲೆ ನಿಂತಿತ್ತು.

ಯಜಮಾನರು ಒಂದೇ ಬೇಡಿಕೆ ಇಟ್ಟರು. ತಿದ್ದಿದ ಕರಡನ್ನು ಎಬ್ಬಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾಣುವಂತೆ ಚಿತ್ರಗಳು ಬೇಕು. ಶುಕ್ರವಾರ ತೆಗೆದು ಕಳಿಸಿದೆ. ಹಸಿರು ಅಕ್ಷರ, ದಿನಾಂಕ, 'ತಗಡಿನ ಯಂತ್ರ ಸಿದ್ಧ' ಎಂಬುದರವರೆಗೆ ಹನ್ನೊಂದು ಚಿತ್ರ. ಐದನೆಯದರಲ್ಲಿ ಪರದೆಯ ಅಂಚಿಗೆ ಅತ್ತೆಯ ಮೊಣಕೈ ಸೇರಿಕೊಂಡಿದೆ, ಸರಿ ಅಂದರೂ ಸರಿಯಲಿಲ್ಲ. ಸಂಜೆಯ ಹೊತ್ತಿಗೆ ಅವರ ಉತ್ತರ ಬಂತು. ಎರಡು ಪದ: "ಸರಿ. ಇರಲಿ."

ಬಡಗಿ ತಮ್ಮ ತಿದ್ದುಪಡಿಯ ಕೆಳಗೆ ಟಿಪ್ಪಣಿ ಬರೆದರು. ಹಿಂದಿನ ಏಳು ಪರೀಕ್ಷೆಗಳು ಹಳೆಯ ಕರ್ನಲ್ಲಿನವು. ಇದು ಬೆಳಕಿಗೆ ಬಂದದ್ದು ಕರಡು ತಿದ್ದುವವರೊಬ್ಬರು, ಬರಬೇಕಾಗಿದ್ದ ಶಬ್ದ ಬರಲಿಲ್ಲವೆಂದು ಪಟ್ಟುಹಿಡಿದದ್ದರಿಂದ. 'ತಪ್ಪು ತೋರಿಸಿದವರು' ಎಂಬ ಸಾಲಿಗೆ ಯಾರ ಹೆಸರು ಹಾಕಲಿ ಎಂದು ಕೇಳಿದರು. ಅತ್ತೆ ತನ್ನ ಪೂರ್ತಿ ಹೆಸರನ್ನು, ಮನೆತನದ್ದೂ ಸೇರಿಸಿ, ನಾಲ್ಕು ಸಲ ನನ್ನಿಂದ ಅಕ್ಷರ ಬಿಡಿಸಿ ಹೇಳಿಸಿ, ಆಮೇಲೆ ಕಳಿಸಲು ಒಪ್ಪಿದಳು.

ಭಾನುವಾರ ಆವೃತ್ತಿ ಹೊರಬಂತು. ಪ್ರೊಸೆಸರುಗಳ ಪಟ್ಟಿಯಲ್ಲಿ ನಮ್ಮದು ತನ್ನ ಜಾಗದಲ್ಲೇ ಇತ್ತು. ಸೋಮವಾರದಿಂದ ದೊಡ್ಡಮ್ಮ ಹೊಸ ಕರ್ನಲ್ಲಿನಲ್ಲಿ ತಗಡು ಚುಚ್ಚುತ್ತಿದ್ದಾಳೆ. ಮೊದಲ ದಿನ ಪ್ರತಿ ತಗಡಿಗೂ ನಾವಿಬ್ಬರೂ ಉಸಿರು ಹಿಡಿದುಕೊಂಡೆವು, ಮೂರನೆಯ ದಿನ ಮರೆತೆವು. ಶನಿವಾರ ಬಡಗಿಗೆ ಕೃತಜ್ಞತೆಯ ಪತ್ರ ಬರೆಯಲು ಕೂತೆ. ಪಾಲಕಳಾಗಲು ಒಪ್ಪಿದ್ದೇನೆಂಬ ಎರಡು ಸಾಲು ಆಗಲೇ ಹೋಗಿತ್ತು. ಇದು ಅದಲ್ಲ, ಇದು ಬೇರೆ.

"ಓದು" ಅತ್ತೆ ಅಂದಳು.

"ನಿಮ್ಮ ಉಪಕಾರವನ್ನು ಈ ಜನ್ಮದಲ್ಲಿ…"

"ಹೊಡೆದುಹಾಕು. ಜನ್ಮದ ವಿಚಾರ ಅವರಿಗ್ಯಾಕೆ."

"ನೀವು ಇಲ್ಲದಿದ್ದರೆ ನಾವು ಏನಾಗುತ್ತಿದ್ದೆವೋ…"

"ಅದೂ ಬೇಡ. ಇದ್ದಾರಲ್ಲ."

"ನಿಮ್ಮಂಥ ದೊಡ್ಡ ಮನಸ್ಸು…"

"ಅಯ್ಯೋ, ಬಡಗಿ ಕಣೇ ಅವರು. ಬೆಣ್ಣೆ ಹಚ್ಚಿದ್ರೆ ಕೈ ಜಾರುತ್ತೆ."

"ಮತ್ತೆ ಏನು ಬರೀಲಿ, ನೀನೇ ಹೇಳು."

ಅವಳು ಹೇಳುತ್ತ ಹೋದಳು, ನಾನು ಬರೆದೆ. ಸೋಮವಾರದಿಂದ ಈವರೆಗೆ ನಲವತ್ತಾರು ತಗಡು ಆಗಿವೆ. ನಡುವೆ ಒಂದು ಸಲವೂ ನಿಲ್ಲಲಿಲ್ಲ. ನಲವತ್ತಾರನೆಯದು ಭಾಗಾಕಾರದ ಪಾಠ, ಅದರಲ್ಲಿ ಒಂದು ಚುಕ್ಕಿ ತಪ್ಪಿತ್ತು, ಅದು ಯಂತ್ರದ ತಪ್ಪಲ್ಲ, ಮೂಲದ್ದೇ. ಧನ್ಯವಾದ.

"ಒಂದೇ ಸಲ ಸಾಕಾ ಧನ್ಯವಾದ?"

"ಸಾಕು. ಎರಡು ಸಲ ಹೇಳಿದ್ರೆ ಇನ್ನೇನೋ ಬೇಕಾಗಿದೆ ಅಂದ್ಕೋತಾರೆ."

ಕಳಿಸಿದೆ. ಅವಳು ಮತ್ತೆ ಕರಡಿಗೆ ಕೈಹಾಕಿದಳು. ಅರ್ಧ ಪುಟ ದಾಟಿರಬೇಕು, ಬೆರಳು ನಿಂತಿತು.

"ಕಳಿಸ್ಬಿಟ್ಯಾ?"

"ಆಗಲೇ ಹೋಯ್ತು. ಯಾಕೆ, ತಪ್ಪಿತ್ತಾ?"

"ತಪ್ಪೇನಿಲ್ಲ" ಅಂದಳು. ಬೆರಳನ್ನು ಕಾಗದದಿಂದ ಎತ್ತಿದಳು. "ಊಟ ಆಯ್ತಾ ಅಂತ ಒಂದು ಮಾತು ಕೇಳ್ಬೇಕಿತ್ತು."

ಅದನ್ನು ಕೇಳಿ ಇನ್ನೊಂದು ಪತ್ರ ಬರೆದೆ.